ನೋಡುಮನೆಯಲ್ಲಿ ಓದಿದ ಪತ್ರ

ಸಂಡೂರು
22 ಜೂನ್ 2025

ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಹಾಸ್ಟೆಲ್ ಗುಡ್ಡದ ಬುಡದಲ್ಲಿದೆ. ಮಳೆ ಬಂದರೆ ಅಂಗಳದ ನೀರೆಲ್ಲ ಕೆಂಪು. ಒಗೆದು ಹಾಕಿದ ಬಿಳಿ ದುಪಟ್ಟಾ ಸಂಜೆಯ ಹೊತ್ತಿಗೆ ಅದಿರಿನ ಧೂಳು ಕುಡಿದು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಊಟ ಪರವಾಗಿಲ್ಲ. ಅಜ್ಜಿ ಕಟ್ಟಿಕೊಟ್ಟ ಶೇಂಗಾ ಉಂಡೆಗಳನ್ನು ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗೆ ಬಚ್ಚಿಟ್ಟು, ಯಾರೂ ಇಲ್ಲದಾಗ ಒಂದೊಂದೇ ತಿನ್ನುತ್ತಿದ್ದೇನೆ.

ಇಲ್ಲಿ ನಾವು ಫೋನ್ ಇಟ್ಟುಕೊಳ್ಳುವ ಹಾಗಿಲ್ಲ. ಅದಕ್ಕೇ ಈ ಕಾಲೇಜು ಆರಿಸಿಕೊಂಡೆ ಎಂದು ನಿನಗೂ ಗೊತ್ತು. ಭಾನುವಾರ ವಾರ್ಡನ್ ಮೇಡಂ ತಮ್ಮ ಫೋನಿನಿಂದ ಮನೆಗೆ ಮಾತಾಡಲು ಬಿಡುತ್ತಾರೆ. ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ನಮ್ಮ ಮನೆಗೆ ಫೋನ್ ಮಾಡಿದರೆ ನಿನ್ನೊಬ್ಬಳ ಜೊತೆ ಮಾತಾಡಿದಂತೆ ಆಗುವುದಿಲ್ಲವಲ್ಲ, ಅಮ್ಮ.

ನನ್ನ ಪಕ್ಕದ ಮಂಚದವಳು ಪಂಪಾವತಿ ಅಂತ, ಕಮಲಾಪುರದ ಹುಡುಗಿ. "ಎಲ್ಲಾರೂ ನಿನ್ನ ನೋಡುಮನಿ ಹುಡುಗಿ ಅಂತಾರ. ಏನದು ನೋಡುಮನಿ?" ಎಂದು ಕೇಳಿದಳು. ಹೇಳಿದೆ: ಅದೊಂದು ಆ್ಯಪ್. ಕಂಪನಿಯವರು ನಮ್ಮ ಅಡುಗೆಮನೆ, ಪಡಸಾಲೆ, ದೇವರ ಜಗುಲಿ, ಬಾಗಿಲು ಎಲ್ಲ ಕಡೆ ಕ್ಯಾಮೆರಾ ಹಾಕಿದ್ದಾರೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾರು ಬೇಕಾದರೂ ನಮ್ಮ ಮನೆ ನೋಡಬಹುದು. ನೋಡುತ್ತಾ ನೋಡುತ್ತಾ ಇಷ್ಟವಾದದ್ದನ್ನು ಪರದೆಯ ಮೇಲೆ ಬೆರಳಿನಿಂದ ಮುಟ್ಟಿದರೆ ಸಾಕು. ಅದೇ ಕುಕ್ಕರ್, ಅದೇ ಪರದೆ, ನಮ್ಮಮ್ಮ ಉಟ್ಟ ಅದೇ ಸೀರೆ ಅವರ ಮನೆಗೆ ಹೋಗುತ್ತದೆ.

ಅವಳು "ಹಂಗಾರ ನೀವು ಜಗಳ ಎಲ್ಲಿ ಆಡ್ತೀರಿ?" ಎಂದಳು. ನಾನು ನಕ್ಕುಬಿಟ್ಟೆ, ಎಷ್ಟೋ ದಿನಗಳ ಮೇಲೆ.

ಹತ್ತನೆಯ ತರಗತಿಯ ಫಲಿತಾಂಶದ ದಿನ ಗಣಿತದ ಅಂಕ ನೋಡಿ ಪಡಸಾಲೆಯಲ್ಲಿ ಅತ್ತದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ನಾನು ಅಳುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಓದುವ ದೀಪವನ್ನು ಮಾರಾಟಕ್ಕಿಟ್ಟಿದ್ದರು. ಆ ಅಳುವನ್ನು ನೋಡಿದವರು ಈ ಹಾಸ್ಟೆಲಿನಲ್ಲೂ ಇದ್ದಾರೆ. ಬಂದ ಮೊದಲ ವಾರ ಇಬ್ಬರು ನನ್ನಂತೆಯೇ ಮೂಗು ಒರೆಸಿಕೊಂಡು ತೋರಿಸಿದರು.

ಉತ್ತರ ಬರೆ. ನನ್ನ ಪತ್ರವನ್ನು ಹಿತ್ತಲಿನಲ್ಲಿ ಓದು. ಅಲ್ಲಿ ಕ್ಯಾಮೆರಾ ಇಲ್ಲ.

ಸದ್ಯಕ್ಕೆ ದೂರ ಇರುವ
ಕಾವ್ಯ


ಚಿತ್ತವಾಡ್ಗಿ, ಹೊಸಪೇಟೆ
6 ಜುಲೈ 2025

ಮುದ್ದು ಕಾವ್ಯಾ,

ನಿನ್ನ ಪತ್ರವನ್ನು ನೀನು ಹೇಳಿದಂತೆ ಹಿತ್ತಲಿನಲ್ಲೇ ಓದಿದೆ. ಅಜ್ಜಿಗೂ ಓದಿ ಹೇಳಿದೆ. ಉಂಡೆಯ ಸುದ್ದಿ ಕೇಳಿ ನಕ್ಕರು. ಅಜ್ಜಿ ಈಗ ಹಗಲೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೇ ಕೂತಿರುತ್ತಾರೆ. ಒಳಗೆ ಬಂದರೂ ತಲೆತುಂಬ ಸೆರಗು ಹೊದ್ದು, ಯಾರದೋ ಮನೆಗೆ ಬಂದ ನೆಂಟರಂತೆ ಗೋಡೆಗೆ ಅಂಟಿಕೊಂಡು ಕೂರುತ್ತಾರೆ. ನಿಮ್ಮಪ್ಪ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ಬಂದವರೇ ಮಲಗುವ ಕೋಣೆ ಸೇರುತ್ತಾರೆ. ಹಾಗಾಗಿ ದಿನವಿಡೀ ಮಾತಾಡುವವಳು ನಾನೊಬ್ಬಳೇ.

ನಿನಗೆ ನನ್ನ ಮೇಲೆ ಸಿಟ್ಟಿದೆ, ಗೊತ್ತು. ಆದರೆ ಒಂದು ಮಾತು ಹೇಳುತ್ತೇನೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಮಾಡಿದ ಅಡುಗೆಯನ್ನು ಚೆನ್ನಾಗಿದೆ ಎಂದವರಿಲ್ಲ. ಬೈದವರೂ ಇಲ್ಲ, ಉಂಡು ಎದ್ದು ಹೋದರು ಅಷ್ಟೆ. ಈಗ ಮೈಸೂರಿನಿಂದ, ದುಬೈನಿಂದ ಯಾರೋ "ಗಂಗಕ್ಕಾ, ಊಟ ಆಯ್ತಾ?" ಎಂದು ಬರೆಯುತ್ತಾರೆ. ನಾನು ಮುಖ ಸಪ್ಪಗೆ ಮಾಡಿಕೊಂಡರೆ ಮೈ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಮನೆಯಲ್ಲಿ ಅದನ್ನು ಯಾರು ಕೇಳುತ್ತಿದ್ದರು, ನೀನೇ ಹೇಳು.

ಕೆಲಸವೇನೋ ಹೆಚ್ಚಾಗಿದೆ. ಒಮ್ಮೆ ಉಟ್ಟ ಸೀರೆ ಮತ್ತೆ ಉಡುವಂತಿಲ್ಲ. ನಿಮ್ಮಜ್ಜಿಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದೇವೆ. ಕಂಪನಿಯ ಲಿಂಗರಾಜ್ ದಿನವಿಡೀ ನನ್ನ ಕಿವಿಯೊಳಗಿನ ಬಡ್ಸ್‌ನಲ್ಲಿ ಮಾತಾಡುತ್ತಿರುತ್ತಾನೆ. "ಅಕ್ಕಾ, ಸ್ವಲ್ಪ ನಗ್ರಿ. ಅಕ್ಕಾ, ಮಿಕ್ಸಿ ಈ ಕಡಿ ತಿರುಗಿಸ್ರಿ." ಒಳ್ಳೆಯ ಹುಡುಗ. ಎಷ್ಟು ಜನ ನೋಡುತ್ತಿದ್ದಾರೆಂದು ಪಡಸಾಲೆಯ ಟಿವಿಯಲ್ಲಿ ಸಂಖ್ಯೆ ಬರುತ್ತದಲ್ಲ, ನಾನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದು ಇಳಿಯತೊಡಗುತ್ತದೆ. ನೀನು ಹೋದ ಮೇಲೆ ಇನ್ನೂ ಇಳಿದಿದೆ. ಹಿಂದಿನ ಓಣಿಯ ತಾಯಕ್ಕನ ಮನೆಗೂ ಕ್ಯಾಮೆರಾ ಬಂದಿದೆ. ಅವಳ ಸೊಸೆ ಬಸುರಿ. ಜನ ಅತ್ತ ಹೋಗುತ್ತಿದ್ದಾರೆ.

ಚೆನ್ನಾಗಿ ಓದು. ಆಗಾಗ ಬರೆಯುತ್ತಿರು. ನಿನ್ನ ಕೈಬರಹ ನೋಡಿದರೆ ಎದೆ ತುಂಬುತ್ತದೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ


ಸಂಡೂರು
27 ಜುಲೈ 2025

ಅಮ್ಮನಿಗೆ,

ನಿನ್ನ ಪತ್ರ ಓದಿದೆ. ಊಟ ಆಯಿತೇ ಎಂದು ನಾನೂ ನಿನ್ನನ್ನು ಕೇಳಿದ ನೆನಪಿಲ್ಲ. ಈಗ ಕೇಳುತ್ತಿದ್ದೇನೆ. ಆಯಿತೇ?

ಯಾರಿಗೂ ಹೇಳದ ಒಂದು ವಿಷಯ ನಿನಗೆ ಬರೆಯುತ್ತೇನೆ. ಪಂಪಾವತಿ ಎಂದು ಬರೆದಿದ್ದೆನಲ್ಲ, ಈಗ ನನಗೆ ಇಲ್ಲಿ ಇರುವವಳು ಅವಳೊಬ್ಬಳೇ. ವಾರ್ಡನ್ ಮೇಡಂ ಕೆಮ್ಮುವುದನ್ನು ಅವಳು ಮಾಡಿ ತೋರಿಸಿದರೆ ಇಡೀ ರೂಮು ದಿಂಬು ಕಚ್ಚಿಕೊಂಡು ನಗುತ್ತದೆ. ಗಣಿತ ಅವಳಿಗೂ ಬರುವುದಿಲ್ಲ. ಇಬ್ಬರೂ ಸೇರಿ ತಪ್ಪು ಮಾಡುತ್ತೇವೆ.

ಶನಿವಾರ ಸಂಜೆ ಹಾಸ್ಟೆಲಿನಲ್ಲಿ ಚಪಾತಿ. ಅವಳು ಒಂದನ್ನೇ ತಿಂದು, ಉಳಿದದ್ದನ್ನು ಪೇಪರಿನಲ್ಲಿ ಸುತ್ತಿ ಚೀಲದ ಒಳಗೆ ಸೇರಿಸುತ್ತಾಳೆ. ಮೊದಲ ಸಲ ನೋಡಿದಾಗ ರಾತ್ರಿಗೆ ಇಟ್ಟುಕೊಂಡಳೇನೋ ಎಂದುಕೊಂಡೆ. ಇಲ್ಲ, ಭಾನುವಾರ ಬೆಳಿಗ್ಗೆ ಅದನ್ನು ಕಮಲಾಪುರಕ್ಕೆ ಒಯ್ಯುತ್ತಾಳೆ. ಪ್ರತಿ ವಾರವೂ ಹೀಗೇ. ಅವರಪ್ಪ ಎರ್ರೆಪ್ಪ ಹಂಪಿಯ ಗುಡಿಗಳ ಸುತ್ತ ಹುಲ್ಲು ತೆಗೆಯುವ ಕೆಲಸ ಮಾಡುತ್ತಾರೆ. ಅವ್ವ ದುರ್ಗಕ್ಕ ಬಾಳೆತೋಟದ ಕೂಲಿಗೆ ಹೋಗುತ್ತಾರಂತೆ. ಮನೆ ಊರ ಹೊರಗಿನ ಕೇರಿಯಲ್ಲಂತೆ. ಮನೆಯಲ್ಲಿ ಊಟಕ್ಕೇ ಇಲ್ಲವೇನೋ ಅಮ್ಮ. ನನ್ನ ಗೆಳತಿ ತನ್ನ ಹಸಿವನ್ನು ಕಟ್ಟಿಕೊಂಡು ಮನೆಯವರಿಗೆ ಒಯ್ಯುತ್ತಿದ್ದಾಳೆ. ನಾವು ಉಟ್ಟ ಸೀರೆ ಮತ್ತೆ ಉಡದವರು. ಆ ರಾತ್ರಿ ನನಗೆ ನಾಚಿಕೆಯಿಂದ ನಿದ್ದೆ ಬರಲಿಲ್ಲ.

ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ನೊಂದುಕೊಳ್ಳುತ್ತಾಳೆ. ಅಮ್ಮ, ಇದನ್ನು ಯಾರಿಗೂ ಹೇಳಬೇಡ.

ನಿನ್ನ
ಕಾವ್ಯ


ಚಿತ್ತವಾಡ್ಗಿ, ಹೊಸಪೇಟೆ
10 ಆಗಸ್ಟ್ 2025

ಮುದ್ದು ಕಾವ್ಯಾ,

ನಿನ್ನ ಪತ್ರ ತಲುಪಿತು. ಓದಿ ಭಾಳ ಅತ್ತೆ. ಎಂಥ ಮನಸ್ಸು ನಿನ್ನದು.

ಆ ಹುಡುಗಿಯ ಬಗ್ಗೆ ನೀನೇನೂ ಚಿಂತೆ ಮಾಡಬೇಡ. ಜಗತ್ತಿನಲ್ಲಿ ಒಳ್ಳೆಯವರು ತುಂಬಾ ಜನ ಇದ್ದಾರೆ. ಅವಳಿಗೂ ಅವಳ ಮನೆಯವರಿಗೂ ಒಳ್ಳೆಯದೇ ಆಗುತ್ತದೆ, ನೋಡುತ್ತಿರು.

ಇಲ್ಲಿ ಎಲ್ಲರೂ ಆರಾಮ. ಅಜ್ಜಿ ಕಂಪ್ಲಿಗೆ, ನಿನ್ನ ಸೋದರತ್ತೆಯ ಮನೆಗೆ ಹೋಗಿದ್ದಾರೆ. ಇದ್ದಕ್ಕಿದ್ದಂತೆ ಚೀಲ ತುಂಬಿಕೊಂಡು ಹೊರಟರು, ನಾನು ತಡೆದರೂ ಮಾತಾಡಲಿಲ್ಲ. ವಯಸ್ಸಾಯಿತು, ಏನೋ ಹಟ. ನಾಲ್ಕು ದಿನ ಇದ್ದು ಬರುತ್ತಾರೆ.

ನಿನಗೊಂದು ಸ್ವೆಟರ್ ಕಳಿಸಿದ್ದೇನೆ. ಒಳ್ಳೆಯ ಕಂಪನಿಯದು. ಈ ವಾರ ಬಿಡುವಿಲ್ಲ, ಹೆಚ್ಚು ಬರೆಯಲು ಆಗುತ್ತಿಲ್ಲ.

ಅಮ್ಮ


ಸಂಡೂರು
24 ಆಗಸ್ಟ್ 2025

ಅಮ್ಮ,

ಸ್ವೆಟರನ್ನು ವಾಪಸ್ ಕಳಿಸಿದ್ದೇನೆ. ಪೊಟ್ಟಣ ಬಿಚ್ಚಿಲ್ಲ.

ಹೋದ ಮಂಗಳವಾರ ವಾರ್ಡನ್ ಮೇಡಂ ಪಂಪಾವತಿಯನ್ನೂ ನನ್ನನ್ನೂ ಆಫೀಸಿಗೆ ಕರೆದರು. ಮೇಜಿನ ಮೇಲೆ ಅವರ ಫೋನ್ ಇತ್ತು. ಅದರಲ್ಲಿ ನಮ್ಮ ಪಡಸಾಲೆ. ನೀನು ನೀಲಿ ಸೀರೆ ಉಟ್ಟು ಸೋಫಾದ ಮೇಲೆ ಕೂತಿದ್ದೆ. ನಿನ್ನ ಕೈಯಲ್ಲಿ ನನ್ನ ಪತ್ರ. ನಾನು ಶಾಯಿ ಚೆಲ್ಲಿಕೊಂಡ ಮೂಲೆ ಕೂಡ ಕಾಣುತ್ತಿತ್ತು.

ನೀನು ಅವಳ ಹೆಸರು ಓದಿದೆ. ಅವಳ ಊರು, ಅವರಪ್ಪನ ಹೆಸರು, ಅವರವ್ವನ ಹೆಸರು ಓದಿದೆ. ಚಪಾತಿಯ ಸುದ್ದಿ ಬಂದಾಗ ನಿಲ್ಲಿಸಿ ಕಣ್ಣು ಒರೆಸಿಕೊಂಡೆ. ಕೊನೆಗೆ, ಯಾರಿಗೂ ಹೇಳಬೇಡ ಎಂಬ ಸಾಲನ್ನೂ ಓದಿದೆ, ಅಮ್ಮ. ಅದನ್ನೂ ಓದಿದೆ. ಅಲ್ಲಿ ನಿನ್ನ ದನಿ ನಡುಗಿತು.

ಪರದೆಯ ಮೂಲೆಯಲ್ಲಿ "ಪಂಪಾವತಿಗೊಂದು ಕಾಣಿಕೆ" ಎಂಬ ಗುಂಡಿ ಮಿನುಗುತ್ತಿತ್ತು. ಅದನ್ನು ಒತ್ತಿದವರ ಲೆಕ್ಕ ಏರುತ್ತಲೇ ಇತ್ತು.

"ಹಾಸ್ಟೆಲಿನಾಗ ಹುಡುಗೇರನ್ನ ಉಪವಾಸ ಕೆಡವ್ತಾರಂತ ಮಂದಿ ನನಗ ಬೈಯಾಕತ್ತ್ಯಾರ. ಊಟ ಹೊರಗ ಒಯ್ಯೂದು ರೂಲ್ಸಿನಾಗ ಇಲ್ಲ, ಗೊತ್ತೈತಿಲ್ಲೋ?" ಎಂದರು ಮೇಡಂ. ಪಂಪಾವತಿ ಫೋನ್ ನೋಡಲಿಲ್ಲ, ಮೇಡಂ ಮುಖವನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

ಮರುದಿನ ಅವರಪ್ಪ ಬಂದರು. ಮನೆಗೆ ಬಂದ ಪಾರ್ಸಲ್‌ಗಳನ್ನು ಇಡಲು ಜಾಗವಿಲ್ಲವಂತೆ. ಜನ ಫೋನ್ ಹಿಡಿದುಕೊಂಡು ಬಾಗಿಲಿಗೆ ಬಂದು, ಬಿಚ್ಚಿ ತೋರಿಸಿ ಎನ್ನುತ್ತಾರಂತೆ. ಅವರು ಯಾರಿಗೂ ಬೈಯಲಿಲ್ಲ. ಮಗಳ ಹಾಸಿಗೆ ಸುತ್ತಿ ಹೆಗಲಿಗೆ ಏರಿಸಿಕೊಂಡರು. ಅವಳು ಟ್ರಂಕಿನ ಒಂದು ಹಿಡಿ ಹಿಡಿದಳು. ಇನ್ನೊಂದನ್ನು ಹಿಡಿಯಲು ನಾನು ಹೋದೆ. "ಬ್ಯಾಡ" ಎಂದಳು.

ಈಗ ನನ್ನ ಪಕ್ಕದ ಮಂಚ ಖಾಲಿ ಇದೆ.

ಕಾವ್ಯ


ಚಿತ್ತವಾಡ್ಗಿ, ಹೊಸಪೇಟೆ
7 ಸೆಪ್ಟೆಂಬರ್ 2025

ಕಾವ್ಯಾ,

ಎರಡು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಎಲ್ಲ ತಪ್ಪನ್ನೂ ಲಿಂಗರಾಜನ ಮೇಲೆ ಹಾಕಿದ್ದೆ. ಎರಡನೆಯದರಲ್ಲಿ ಜನರ ಮೇಲೆ. ಈಗ ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಆ ದಿನ ತಾಯಕ್ಕನ ಮನೆಯಲ್ಲಿ ಸೀಮಂತ. ನಮ್ಮ ಸಂಖ್ಯೆ ಎಂದೂ ಇಲ್ಲದಷ್ಟು ಕೆಳಗೆ ಬಿದ್ದಿತ್ತು. ನಿನ್ನ ಪತ್ರವನ್ನು ಹಿತ್ತಲಿನಲ್ಲಿ ಓದಿಕೊಂಡು ಕಣ್ಣೊರೆಸುತ್ತಾ ಒಳಗೆ ಬಂದೆ. ಕಿವಿಯಲ್ಲಿ ಲಿಂಗರಾಜ್ ಕೇಳಿದ, "ಅಕ್ಕಾ, ಯಾಕ ಅಳಾಕತ್ತೀರಿ? ಮಗಳ ಪತ್ರ ಬಂತೇನ್ರಿ? ಎರಡ್ ಸಾಲು ಓದ್ರಿ. ಮಂದಿ ಕಾವ್ಯನ್ನ ಕೇಳ್ತಾರ." ಎರಡೇ ಸಾಲು ಓದಬೇಕೆಂದು ಕೂತೆ. ಊಟ ಆಯಿತೇ ಎಂದು ನೀನು ಕೇಳಿದ ಸಾಲು ಓದಿದೆ. ಜನ ಬರತೊಡಗಿದರು. ಮುಂದಿನದನ್ನು ಓದಿದೆ. ಇನ್ನೂ ಬಂದರು.

ನಿಲ್ಲಿಸಲು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿಲ್ಲಿಸುವ ಮನಸ್ಸಾಗಲಿಲ್ಲ. ನಾನು ಅತ್ತದ್ದು ನಿಜವಾದ ಅಳು, ಕಾವ್ಯಾ. ಆದರೆ ಅಳುವಾಗಲೂ ನನ್ನ ಕಣ್ಣು ಟಿವಿಯ ಸಂಖ್ಯೆಯ ಮೇಲೇ ಇತ್ತು. ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು "ಗಂಗಾ, ಸಾಕು" ಎಂದದ್ದು ಕೇಳಿಸಿತು. ಕೇಳಿಸದವಳಂತೆ ಓದಿದೆ. ಮುಗಿದ ಮೇಲೆ ಅವರು ಚೀಲ ತುಂಬಿಕೊಂಡರು.

ಇನ್ನೊಂದನ್ನೂ ಹೇಳಬೇಕು. ದೀಪಾವಳಿಗೆ ನಿನ್ನನ್ನೂ ಪಂಪಾವತಿಯನ್ನೂ ಮನೆಗೆ ಕರೆಸಿ, ಕ್ಯಾಮೆರಾ ಮುಂದೆ ಇಬ್ಬರ ರಾಜಿ ಮಾಡಿಸಬೇಕಂತೆ. ಇಬ್ಬರಿಗೂ ಒಂದೇ ಬಣ್ಣದ ಲಂಗ ದಾವಣಿ. ಲಿಂಗರಾಜ್ ಕೇಳಿದಾಗ ನಾನು ಆಗುವುದಿಲ್ಲ ಎನ್ನಲಿಲ್ಲ. ನೋಡೋಣ ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡೆ. ಅಲ್ಲೂ ಕ್ಯಾಮೆರಾ ಇತ್ತು.

ನಿನಗೆ ಮುಖ ತೋರಿಸಲಾಗದ
ಅಮ್ಮ


ಸಂಡೂರು
21 ಸೆಪ್ಟೆಂಬರ್ 2025

ಪ್ರೀತಿಯ ಪಂಪಾವತಿ,

ನಿನ್ನ ವಿಳಾಸವನ್ನು ವಾರ್ಡನ್ ಮೇಡಂ ಕೊಡಲಿಲ್ಲ. ಆಫೀಸಿನ ರಿಜಿಸ್ಟರಿನಲ್ಲಿ ನೋಡಿ ಬರೆದುಕೊಂಡೆ.

ಕ್ಷಮಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳುತ್ತೇನೆ. ನಾನು ಅಮ್ಮನಿಗೆ ಗುಟ್ಟಾಗಿ ಬರೆದಿದ್ದೆ. ಅವಳು ಹೀಗೆ ಮಾಡುತ್ತಾಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಿನ್ನ ಮೇಲಿನ ಪ್ರೀತಿಯಿಂದಲೇ ಬರೆದದ್ದು. ನಿನ್ನ ಕಷ್ಟ ನೋಡಲಾರದೆ ಬರೆದದ್ದು. ನಾನೂ ಅದೇ ಕ್ಯಾಮೆರಾದಿಂದ ನೊಂದು ಇಲ್ಲಿಗೆ ಓಡಿ ಬಂದವಳು. ನಿನಗೆ ಎಷ್ಟು ನೋವಾಗಿದೆ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ನೀನು ಬಂದುಬಿಡು. ನಾನು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ. ಇಲ್ಲವೇ ನಾನೇ ನಿಮ್ಮ ಮನೆಗೆ ಬರಲೇ? ಒಂದು ಸಾಲು ಬರೆ.

ನಿನ್ನ ಗೆಳತಿ
ಕಾವ್ಯ


ಕಮಲಾಪುರ
5 ಅಕ್ಟೋಬರ್ 2025

ಕಾವ್ಯಾ,

ಮನೆಗೆ ಬರಬೇಡ. ನಮ್ಮ ಮನೆಗೆ ಬರುವವರು ಈಗ ಜಾಸ್ತಿಯಾಗಿದ್ದಾರೆ.

ನಮ್ಮ ಮನೆಯಲ್ಲಿ ಊಟಕ್ಕೆ ಕಡಿಮೆ ಇಲ್ಲ. ಯಾವತ್ತೂ ಇರಲಿಲ್ಲ. ನಮ್ಮಜ್ಜಿಗೆ ಹಲ್ಲಿಲ್ಲ. ಹಾಸ್ಟೆಲಿನ ಚಪಾತಿಯನ್ನು ಹಾಲಿನಲ್ಲಿ ನೆನೆಸಿ, ಸಕ್ಕರೆ ಹಾಕಿ ತಿನ್ನುವುದು ಅವಳಿಗೆ ಇಷ್ಟ. ಮೊದಲ ಭಾನುವಾರ ಹೋದಾಗ "ಓದಾಕ ಹೋದಾಕಿ ಬರಿಗೈಲೆ ಬಂದೀಯೇನಲೇ?" ಎಂದಳು. ಮುಂದಿನ ವಾರ ತಮಾಷೆಗೆ ಚಪಾತಿ ತಂದುಕೊಟ್ಟೆ. ಅಂದಿನಿಂದ ಓಣಿಯಲ್ಲೆಲ್ಲ "ನನ್ನ ಮೊಮ್ಮಗಳು ಸಂಡೂರಿಂದ ತಂದಾಳ" ಎಂದು ಹೇಳಿಕೊಂಡು ತಿನ್ನುತ್ತಿದ್ದಳು. ನನ್ನ ಪಾಲಿನದನ್ನೇ ತರುತ್ತಿದ್ದೆ, ಯಾರದನ್ನೂ ಕಿತ್ತುಕೊಳ್ಳಲಿಲ್ಲ.

ಏನು ಕಟ್ಟಿಕೊಳ್ಳುತ್ತಿದ್ದೀ ಎಂದು ನೀನು ಕೇಳಿದ್ದರೆ ಹೇಳುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನೀನು ಕೇಳಲಿಲ್ಲ. ಪ್ರತಿ ಶನಿವಾರ ನೋಡಿದೆ, ಅಷ್ಟೇ. ಮಂಚದ ಆ ಕಡೆಯಿಂದ ನನ್ನನ್ನು ನೋಡಿಕೊಂಡು ನಿನ್ನಷ್ಟಕ್ಕೇ ಕಥೆ ಕಟ್ಟಿಕೊಂಡೆ. ಅದನ್ನು ನಿಮ್ಮಮ್ಮ ಓದಿದರು. ಓದಿದ್ದು ಅವರು, ಬರೆದದ್ದು ನೀನು.

ನೀನು ಟ್ರಂಕಿನಲ್ಲಿ ಉಂಡೆ ಬಚ್ಚಿಟ್ಟು ತಿನ್ನುತ್ತಿದ್ದುದು ನನಗೆ ಗೊತ್ತಿತ್ತು. ನನಗೆ ಅದು ಆಸೆ ಅನ್ನಿಸಿತು, ಹಸಿವು ಅನ್ನಿಸಲಿಲ್ಲ. ನಾನು ಚಪಾತಿ ಬಚ್ಚಿಟ್ಟರೆ ನಿನಗೆ ಹಸಿವು ಅನ್ನಿಸಿತು. ಯಾಕೆ ಎಂದು ನೀನೇ ಯೋಚನೆ ಮಾಡು. ನಮ್ಮ ಕೇರಿ, ನಮ್ಮಪ್ಪನ ಕೆಲಸ, ನಮ್ಮವ್ವನ ಕೂಲಿ ಎಲ್ಲ ಬರೆದಿದ್ದೀಯಲ್ಲ, ಉತ್ತರ ಅಲ್ಲೇ ಇದೆ.

ಬಂದವರು ಬಿಸ್ಕೀಟು ಕೊಟ್ಟು, ಕ್ಯಾಮೆರಾ ಹಿಡಿದು, "ತಿನ್ನಜ್ಜೀ, ತಿನ್ನು" ಎಂದರು. ಮನೆಗೆ ಬಂದವರ ಮಾತು ಮೀರಬಾರದೆಂದು ಅಜ್ಜಿ ತಿಂದಳು. ಅವಳ ಬಾಯಿ ಈಗ ಎಲ್ಲರ ಫೋನಿನಲ್ಲೂ ಇದೆ. ಆಮೇಲೆ ಅದನ್ನು ಯಾರೋ ಅವಳಿಗೇ ತೋರಿಸಿದರು. ಈಗ ನಾನು ಏನು ತಂದುಕೊಟ್ಟರೂ ನಮ್ಮ ಮುಂದೆ ತಿನ್ನುವುದಿಲ್ಲ.

ಅಪ್ಪ ಪಾರ್ಸಲ್‌ಗಳನ್ನು ವಾಪಸ್ ಕಳಿಸಲು ಕೊರಿಯರ್ ಆಫೀಸಿಗೆ ಓಡಾಡಿದ. ವಾಪಸ್ ಕಳಿಸಬೇಕಾದರೆ ನಾವೂ ನೋಡುಮನೆ ಆ್ಯಪ್ ಹಾಕಿಕೊಳ್ಳಬೇಕಂತೆ. "ನಾ ತರಿಸಿಲ್ಲ, ನಾ ಯಾಕ ಹಾಕ್ಕಬೇಕ್ರಿ?" ಎಂದು ಎದ್ದು ಬಂದ.

ನಾನು ಹೊಸಪೇಟೆಯ ಕಾಲೇಜಿಗೆ ಸೇರಿಕೊಂಡೆ. ಬಸ್ಸಿನಲ್ಲಿ ಓಡಾಡುತ್ತೇನೆ. ಈ ಪತ್ರವನ್ನು ಯಾರಿಗಾದರೂ ಓದಿ ಹೇಳಬೇಕು ಅನ್ನಿಸಿದರೆ ಹೇಳು. ಬಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಎರ್ರೆಪ್ಪನ ಮಗಳು
ಪಂಪಾವತಿ


ಚಿತ್ತವಾಡ್ಗಿ, ಹೊಸಪೇಟೆ
2 ನವೆಂಬರ್ 2025

ಕಾವ್ಯಾ,

ನಿನ್ನಿಂದ ಉತ್ತರವಿಲ್ಲ. ದೀಪಾವಳಿಗೂ ನೀನು ಬರಲಿಲ್ಲ. ಬರಬೇಕೆಂದು ಹೇಳಲು ಇದನ್ನು ಬರೆಯುತ್ತಿಲ್ಲ.

ಹಬ್ಬದ ಮುಂಚೆ ಅಜ್ಜಿಯನ್ನು ಕರೆತರಲು ಕಂಪ್ಲಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ನನ್ನ ಮುಖ ನೋಡದೆ, "ಆ ಹುಡುಗಿ ಮನಿಗೆ ಹೋಗಿ ಬಂದಿಯೇನು?" ಎಂದು ಕೇಳಿದರು.

"ಇಲ್ರಿ ಅತ್ತಿ."

"ಮತ್ತ ನನ್ನ ಕರಿಯಾಕ ಬಂದೀ? ಮದ್ಲು ಅಲ್ಲಿಗೆ ಹೋಗು."

ಮರುದಿನ ಫೋನನ್ನು ಮನೆಯಲ್ಲೇ ಬಿಟ್ಟು ಕಮಲಾಪುರದ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. "ಪಾರ್ಸಲ್ ಬರ್ತಾವಲ್ರಿ, ಆ ಮನಿಯೇನು?" ಎಂದು ತೋರಿಸಿದರು. ದುರ್ಗಕ್ಕ ಬಾಗಿಲಿಗೆ ಬಂದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಹಿಡಿಯದೆ ಏನು, ಇಡೀ ಜಿಲ್ಲೆಗೇ ನನ್ನ ಮುಖ ಗೊತ್ತು.

"ಫೋನ್ ತಂದೀರೇನ್ರಿ?"

"ಇಲ್ರಿ, ಮನ್ಯಾಗ ಬಿಟ್ಟು ಬಂದೀನಿ."

"ಕಿವ್ಯಾಗಿಂದು?"

ಕೈ ಎತ್ತಿ ಮುಟ್ಟಿಕೊಂಡೆ. ಬಡ್ಸ್ ಕಿವಿಯಲ್ಲೇ ಇತ್ತು, ಕಾವ್ಯಾ. ಫೋನಿಲ್ಲದೆ ಅದು ಸತ್ತು ಹೋಗಿತ್ತು, ನಿಜ. ಆದರೆ ಅದು ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಓಲೆಯಂತೆ ಮೈಗೆ ಹತ್ತಿಹೋಗಿತ್ತು. ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತೆ. ಆ ಹೊತ್ತಿನಲ್ಲಿ ಆದಷ್ಟು ನಾಚಿಕೆ ನನ್ನ ಜನ್ಮದಲ್ಲಿ ಆಗಿಲ್ಲ.

ಒಳಗೆ ಬುದ್ಧನ ಪಟದ ಕೆಳಗೆ ಅವರ ಅತ್ತೆ ಕೂತಿದ್ದರು. ನನ್ನನ್ನು ಕಂಡವರೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಯಾಕೆಂದು ಆಮೇಲೆ ದುರ್ಗಕ್ಕ ಹೇಳಿದರು. ಚಪಾತಿ ಯಾರಿಗಾಗಿ ಎಂಬುದನ್ನೂ ಹೇಳಿದರು. ನಾನು ಕೈಮುಗಿದೆ, ತಪ್ಪಾಯಿತು ಎಂದೆ.

"ತಪ್ಪಾತು ಅಂದ್ರಿ, ಕೇಳಿದೆ. ಈಗ ನಾನು ಏನು ಮಾಡ್ಬೇಕ್ರಿ?" ಎಂದರು. "ನಿಮ್ಮಿಂದ ಬಂದದ್ದು ನೀವಾ ತಗಂಡು ಹೋಗ್ರಿ" ಎಂದು ಜಗಲಿಯ ಕಡೆ ತೋರಿಸಿದರು. ತಾಡಪಾಲು ಹೊದಿಸಿದ ಪಾರ್ಸಲ್‌ಗಳು ಸೂರಿನವರೆಗೆ ಇದ್ದವು. ಒಂದನ್ನೂ ಬಿಚ್ಚಿರಲಿಲ್ಲ.

ಲಗೇಜ್ ಆಟೋ ತರಿಸಿ ಒಂದೊಂದಾಗಿ ನಾನೇ ಹೊತ್ತು ಹಾಕಿದೆ. ಓಣಿಯ ಜನ ಸೇರಿದರು. ಯಾರೋ ಫೋನ್ ಎತ್ತಿ ಹಿಡಿದರು. ನನ್ನ ಸೆರಗು ಜಾರಿತ್ತು, ಬೆವರು ಸುರಿಯುತ್ತಿತ್ತು, ಎರಡೂ ಕೈಯಲ್ಲಿ ಪೆಟ್ಟಿಗೆ. ಆಗ ದುರ್ಗಕ್ಕ ಗಟ್ಟಿಯಾಗಿ "ಇಳಸ್ರಿ ಅದನ್ನ" ಎಂದರು. ನನಗಾಗಿ ಎಂದರೋ, ತಮ್ಮ ಮನೆಯ ಮುಂದೆ ಬೇಡವೆಂದು ಎಂದರೋ, ಕೇಳುವ ಧೈರ್ಯ ಬರಲಿಲ್ಲ.

ಎಲ್ಲವನ್ನೂ ತಂದು ನಮ್ಮ ಪಡಸಾಲೆಯಲ್ಲಿ ಒಟ್ಟಿ, ಕ್ಯಾಮೆರಾದ ಮುಂದೆ ನಿಂತು ಹೇಳತೊಡಗಿದೆ. ಅವರು ಹಸಿದವರಲ್ಲ, ನಾನು ಓದಿದ್ದು ತಪ್ಪು, ನಿಮ್ಮ ವಸ್ತುಗಳನ್ನು ವಾಪಸ್ ತೆಗೆದುಕೊಳ್ಳಿ ಎಂದೆ. ಹೇಳುತ್ತಿದ್ದಂತೆ ಅಳು ಬಂತು. ಟಿವಿಯ ಸಂಖ್ಯೆ ಏರತೊಡಗಿತು. ಪತ್ರ ಓದಿದ ದಿನಕ್ಕಿಂತಲೂ ಮೇಲೆ ಹೋಯಿತು. ಕೆಳಗೆ ಲಿಂಗರಾಜನ ಸಂದೇಶ ಬಂತು: "ಮಸ್ತ್ ಅಕ್ಕಾ. ನಿಲ್ಲಿಸಬ್ಯಾಡ್ರಿ."

ಅರ್ಧ ಮಾತಿಗೇ ನಿಲ್ಲಿಸಿದೆ. ಸ್ಟೂಲ್ ಹತ್ತಿ ವೈರ್ ಕಿತ್ತೆ. ನಿಮ್ಮಪ್ಪ ಶಿಫ್ಟ್ ಮುಗಿಸಿ ಆಗಷ್ಟೇ ಒಳಗೆ ಬಂದರು. ಏನೂ ಕೇಳದೆ ಸ್ಟೂಲ್ ಅಲುಗದಂತೆ ಹಿಡಿದುಕೊಂಡರು.

ಕಂಪನಿಯ ಗಾಡಿ ಬಂದು ಕ್ಯಾಮೆರಾ, ಟಿವಿ ಎಲ್ಲ ಒಯ್ದಿತು. ಆ ಪಾರ್ಸಲ್‌ಗಳೂ ಅದರಲ್ಲೇ ಹೋದವು. ಮತ್ತೆ ಯಾರಿಗಾದರೂ ಮಾರುತ್ತಾರೇನೋ. ನನ್ನ ಆ ಅರ್ಧ ಮಾತನ್ನು ಇನ್ನೂ ತೋರಿಸುತ್ತಿದ್ದಾರಂತೆ. ಅಜ್ಜಿ ಹಬ್ಬಕ್ಕೆ ಬಂದರು. ಈಗ ಪಡಸಾಲೆಯಲ್ಲಿ ಕಾಲು ಚಾಚಿ ಕೂರುತ್ತಾರೆ. ನನಗೇ ಮನೆ ಹೊಸದು. ಮೊನ್ನೆ ಒಗ್ಗರಣೆ ಹಾಕುವಾಗ "ನೋಡಿ, ಸಾಸಿವೆ ಹೇಗೆ ಸಿಡಿಯುತ್ತಿದೆ" ಎಂದುಬಿಟ್ಟೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ಗಂಗಾಂಬಿಕಾ, ನಿನ್ನ ಅಮ್ಮ


ಸಂಡೂರು
18 ಜನವರಿ 2026

ಅಮ್ಮನಿಗೆ,

ನಾನು ಸಂಕ್ರಾಂತಿಗೆ ಬಂದ ದಿನ ಯಾಕೆ ತಡವಾಯಿತು ಎಂದು ನೀನು ಕೇಳಿದೆ. ಬಸ್ಸು ಕೆಟ್ಟಿತ್ತು ಎಂದೆ. ಸುಳ್ಳು. ಬಸ್ಸು ಹೊತ್ತಿಗೆ ಸರಿಯಾಗಿಯೇ ಬಂದಿತ್ತು.

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಕಮಲಾಪುರದ ಬಸ್ಸು ನಿಲ್ಲುವ ಕಡೆ ಪಂಪಾವತಿ ಕೂತಿದ್ದಳು. ಕಾಲೇಜು ಬಿಟ್ಟು ಬಂದಿದ್ದಳು, ತೊಡೆಯ ಮೇಲೆ ಚೀಲ ಇತ್ತು. ನಾನು ಕಂಬದ ಮರೆಯಲ್ಲಿ ನಿಂತೆ. ಅಲ್ಲಿಂದ ಅವಳು ಚೆನ್ನಾಗಿ ಕಾಣುತ್ತಿದ್ದಳು. ಬಳೆ ತಿರುಗಿಸುತ್ತಿದ್ದಳು, ತನ್ನಷ್ಟಕ್ಕೇ ಏನೋ ನೆನೆದು ಸಣ್ಣಗೆ ನಕ್ಕಳು. ಏನಿರಬಹುದು ಎಂದು ನಾನು ಯೋಚಿಸತೊಡಗಿದೆ. ಆಗ ನಾನು ಮತ್ತೆ ಅದನ್ನೇ ಮಾಡುತ್ತಿದ್ದೇನೆ ಎಂದು ಹೊಳೆಯಿತು. ಹಿಂತಿರುಗಿ ಮನೆಗೆ ಓಡಿಬಿಡಬೇಕು ಅನ್ನಿಸಿತು. ಆದರೂ ನಡೆದು ಅವಳ ಮುಂದೆ ಹೋಗಿ ನಿಂತೆ.

"ಕುಂದ್ರಲೇನು?" ಎಂದೆ.

ಅವಳು ತಲೆ ಎತ್ತಿ ನೋಡಿದಳು. ಆಶ್ಚರ್ಯಪಡಲಿಲ್ಲ. "ಬೆಂಚೇನು ನಮ್ಮಪ್ಪಂದಲ್ಲ. ಕುಂದ್ರು."

ಕೂತೆ. ನಿಮ್ಮಮ್ಮ ಬಂದು ಹೋದರು ಎಂದಳು. ಗೊತ್ತು ಎಂದೆ. ಆಮೇಲೆ ನಾನು ಅವಳನ್ನು ಒಂದು ವಿಷಯ ಕೇಳಿದೆ. ಅದೇನೂ ದೊಡ್ಡದಲ್ಲ, ಹೋದ ವರ್ಷವೇ ಪಕ್ಕದ ಮಂಚದಿಂದ ಕೇಳಬಹುದಾಗಿದ್ದ ಮಾತು. ಕೇಳಿ ಅವಳ ಉತ್ತರಕ್ಕಾಗಿ ಕಾದೆ. ಅವಳು ಚೀಲವನ್ನು ಪಕ್ಕಕ್ಕಿಟ್ಟು, ಹೇಳಲು ಶುರುಮಾಡಿದಳು. ಕಮಲಾಪುರದ ಒಂದು ಬಸ್ಸು ಬಂದು ಹೋಯಿತು. ಅವಳು ಏಳಲಿಲ್ಲ. ಇನ್ನೊಂದೂ ಹೋಯಿತು.

ಕೊನೆಗೆ ಬಸ್ಸು ಹತ್ತುವಾಗ ಬರ್ತೀನಿ ಎನ್ನಲಿಲ್ಲ. "ಹೋಗ್ತೀನಿ" ಎಂದಳು. ಹೊರಡುವಾಗ ಹಾಗೆ ಅನ್ನಬಾರದೆಂದು ಬಲ್ಲವಳು, ತಿಳಿದೇ ಹಾಗೆ ಹೇಳಿದಳು.

ಅವಳು ನನಗೆ ಹೇಳಿದ್ದು ಏನೆಂದು ನಿನಗೆ ಬರೆಯುವುದಿಲ್ಲ, ಅಮ್ಮ. ಮುಂದಿನ ಸಲ ಬಂದಾಗಲೂ ಕೇಳಬೇಡ.

ನಿನ್ನ ಮಗಳು
ಕಾವ್ಯ